ಎಡಿಟಿಂಗ್ ಕಲಿಯಲು ಎಂತಹ ಕಂಪ್ಯೂಟರ್ ಬೇಕು?

ಪಿ.ಯು.ಸಿ. ಮುಗಿಸಿದ ಮಗ ವಿಡಿಯೊ ಎಡಿಟಿಂಗ್ ಕಲಿಯುತ್ತೇನೆಂದು ಹಟ ಹಿಡಿದಿದ್ದಾನೆ. ಗೆಳೆಯರ ಸಲಹೆಯಂತೆ ಆತ ಬರೆದು ತಂದ ಪಟ್ಟಿಯ ಮೊತ್ತ ಒಂದು ಲಕ್ಷ ರೂಪಾಯಿ ದಾಟಿದೆ. ಅಪ್ಪ ಪೀಣ್ಯದಲ್ಲಿ ಲೇತ್ ಯಂತ್ರದ ಮುಂದೆ ನಿಂತು ದುಡಿಯುವವರು. ‘ಪಕ್ಕದ ಮನೆಯವರು ಮೂವತ್ತು ಸಾವಿರಕ್ಕೆ ತಂದಿದ್ದಾರಲ್ಲ, ನಿನಗ್ಯಾಕಪ್ಪ ಇಷ್ಟು ದುಡ್ಡಿನದು?’ ಎಂದರೆ ಮಗನ ಬಳಿ ಸರಿಯಾದ ಉತ್ತರವಿಲ್ಲ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಸುತ್ತಲಿನ ಮನೆಗಳಲ್ಲಿ ಇಂತಹ ಮಾತುಕತೆ ಹೊಸದಲ್ಲ. ಸಾಲ ಮಾಡುವ ಮುನ್ನ ಅಪ್ಪನ ಪ್ರಶ್ನೆಗೆ ಉತ್ತರ ಹುಡುಕುವುದು ಒಳ್ಳೆಯದು.

ಮೊದಲು ಯಂತ್ರದ ಮೇಲೆ ಬೀಳುವ ಹೊರೆ ನೋಡೋಣ. ಈಗಿನ ಮೊಬೈಲ್‌ಗಳು ತೆಗೆಯುವ 4ಕೆ ವಿಡಿಯೊದ ಒಂದೊಂದು ಚಿತ್ರದಲ್ಲೂ ಸುಮಾರು 83 ಲಕ್ಷ ಬಿಂದುಗಳಿರುತ್ತವೆ. ಸೆಕೆಂಡಿಗೆ 30 ಚಿತ್ರಗಳಂತೆ ಲೆಕ್ಕ ಹಾಕಿದರೆ ಸೆಕೆಂಡೊಂದಕ್ಕೆ ಸುಮಾರು 750 ಮೆಗಾಬೈಟ್ ಮಾಹಿತಿ! ಇಷ್ಟನ್ನೂ ತುಂಬಿಕೊಳ್ಳಲು ಮೊಬೈಲ್‌ನಿಂದಾಗದು. ಹಾಗಾಗಿ ಅದು ಒಂದು ಚಿತ್ರವನ್ನು ಪೂರ್ತಿಯಾಗಿ ಬರೆದುಕೊಂಡು, ಮುಂದಿನ ಚಿತ್ರಗಳಲ್ಲಿ ಬದಲಾದದ್ದನ್ನಷ್ಟೇ ಗುರುತು ಹಾಕಿಕೊಳ್ಳುತ್ತದೆ. ಈ ಜಾಣತನದಿಂದ 750 ಇದ್ದದ್ದು ಸೆಕೆಂಡಿಗೆ ಆರೇಳು ಮೆಗಾಬೈಟ್‌ಗೆ ಇಳಿಯುತ್ತದೆ.

ಸಿನಿಮಾ ನೋಡುವಾಗ ಇದರಿಂದ ತೊಂದರೆಯಿಲ್ಲ. ಎಡಿಟ್ ಮಾಡುವವನಾದರೋ ಹಿಂದೆ ಮುಂದೆ ಜಿಗಿಯುತ್ತಿರುತ್ತಾನೆ. ನಡುವಿನ ಯಾವುದೋ ಒಂದು ಚಿತ್ರ ಬೇಕೆಂದರೆ ಕಂಪ್ಯೂಟರ್ ಹಿಂದಿನ ಪೂರ್ಣ ಚಿತ್ರಕ್ಕೆ ಹೋಗಿ, ಅಲ್ಲಿಂದ ಬದಲಾವಣೆಗಳನ್ನು ಒಂದೊಂದಾಗಿ ಬಿಡಿಸುತ್ತ ಬರಬೇಕು. ಸಿನಿಮಾ ಸಲೀಸಾಗಿ ತೋರಿಸುವ ಯಂತ್ರವೇ ಎಡಿಟಿಂಗ್‌ಗೆ ಕೂತಾಗ ತಡವರಿಸುವುದು ಇದಕ್ಕೇ.

ಕಾರ್ಖಾನೆಯ ಭಾಷೆಯಲ್ಲೇ ಹೇಳುವುದಾದರೆ, ಡಿಸ್ಕ್ ಎಂದರೆ ಸ್ಟೋರ್ ರೂಮು. ರ‍್ಯಾಮ್ ಎಂದರೆ ಕೆಲಸದ ಮೇಜು. ಪ್ರೊಸೆಸರ್ ಎಲ್ಲ ಬಲ್ಲ ಹಿರಿಯ ಮೇಸ್ತ್ರಿ. ಗ್ರಾಫಿಕ್ಸ್ ಕಾರ್ಡ್ ಒಂದೇ ಬಗೆಯ ಕೆಲಸವನ್ನು ಒಟ್ಟಿಗೆ ಮಾಡಬಲ್ಲ ನೂರಾರು ಹುಡುಗರ ತಂಡ. ಮೇಜು ಚಿಕ್ಕದಾದರೆ ಮೇಸ್ತ್ರಿ ಎಷ್ಟೇ ಚುರುಕಾಗಿದ್ದರೂ ಸ್ಟೋರಿಗೆ ಓಡಾಡುವುದರಲ್ಲೇ ದಿನ ಕಳೆಯುತ್ತದೆ.

ಆದ್ದರಿಂದ ಹಣವನ್ನು ಮೊದಲು ಹಾಕಬೇಕಾದದ್ದು ಮೇಜಿಗೆ. ಅಡೋಬಿ ಪ್ರೀಮಿಯರ್‌ಗೆ ಕನಿಷ್ಠ 8 ಜಿ.ಬಿ. ರ‍್ಯಾಮ್ ಸಾಕೆನ್ನುತ್ತಾರೆ; ಅದು ತಂತ್ರಾಂಶ ತೆರೆದುಕೊಳ್ಳಲು ಸಾಕು, ಕೆಲಸಕ್ಕಲ್ಲ. ಎಚ್.ಡಿ. ವಿಡಿಯೊಗೆ 16, 4ಕೆಗೆ 32 ಜಿ.ಬಿ. ಎಂಬುದು ತಯಾರಕರದೇ ಶಿಫಾರಸು. ಕಲಿಯುವವರು 16ರಿಂದ ಆರಂಭಿಸಬಹುದು. ಆದರೆ ಇನ್ನೊಂದು ರ‍್ಯಾಮ್ ಹಾಕಲು ಖಾಲಿ ಸ್ಲಾಟ್ ಇದೆಯೇ ಎಂದು ಕೇಳಿಯೇ ಕೊಳ್ಳಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಮುಂದೆ ಹೆಚ್ಚಿಸುವ ದಾರಿಯೇ ಇರುವುದಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ದಿಢೀರನೆ ಏರಿತ್ತು. ಹಳೆಯ ದರಪಟ್ಟಿ ನಂಬಿ ಹೊರಡಬೇಡಿ.

ಡಿಸ್ಕ್ ವಿಷಯದಲ್ಲಿ ಹೆಚ್ಚು ಯೋಚನೆ ಬೇಡ. ವಿಂಡೋಸ್, ತಂತ್ರಾಂಶ ಮತ್ತು ನಡೆಯುತ್ತಿರುವ ಕೆಲಸಕ್ಕೆ 512 ಜಿ.ಬಿ. ಎಸ್‌.ಎಸ್‌.ಡಿ., ಮುಗಿದದ್ದನ್ನು ಇಡಲು ಅಗ್ಗದ ಹಾರ್ಡ್ ಡಿಸ್ಕ್. ಒಂದು ಗಂಟೆಯ 4ಕೆ ವಿಡಿಯೊ 20 ಜಿ.ಬಿ.ಗೂ ಹೆಚ್ಚು ಜಾಗ ತಿನ್ನುತ್ತದೆ.

ಪ್ರೊಸೆಸರ್ ಕೊಳ್ಳುವಾಗ ಒಂದು ಅಕ್ಷರದ ಮೇಲೆ ಕಣ್ಣಿರಲಿ. ಇಂಟೆಲ್ ಪ್ರೊಸೆಸರ್‌ಗಳ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಭಾಗ ಇರುವುದಿಲ್ಲ. ಬೆಲೆ ಸ್ವಲ್ಪ ಕಡಿಮೆ, ನಿಜ. ಆದರೆ ಮಡಿಚಿಟ್ಟ ವಿಡಿಯೊವನ್ನು ಬಿಡಿಸಲೆಂದೇ 2011ರಿಂದ ಇಂಟೆಲ್ ಕೊಡುತ್ತಿರುವ ‘ಕ್ವಿಕ್ ಸಿಂಕ್’ ಇರುವುದು ಆ ಭಾಗದಲ್ಲೇ. ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಶಕ್ತಿ ಇಲ್ಲದವರು ‘ಎಫ್’ ಬೇಡವೆನ್ನಬೇಕು. ಕಾರ್ಡ್ ಯಾರಿಗೆ ಬೇಕು? ಡಾವಿಂಚಿ ರಿಸಾಲ್ವ್ ಬಳಸುವವರಿಗೆ. ಅದರ ಉಚಿತ ಆವೃತ್ತಿಯಲ್ಲೇ ಬೇಕಾದಷ್ಟು ಕಲಿಯಬಹುದು. ಆದರೆ ಬಣ್ಣ ತಿದ್ದುವಂತಹ ಕೆಲಸಗಳನ್ನೆಲ್ಲ ಅದು ಹುಡುಗರ ತಂಡದ ಹೆಗಲಿಗೇ ಹಾಕುತ್ತದೆ. ಕತ್ತರಿಸಿ ಜೋಡಿಸುವುದನ್ನು ಕಲಿಯಲು ಕೆಡೆನ್‌ಲೈವ್, ಶಾಟ್‌ಕಟ್‌ನಂತಹ ಉಚಿತ ತಂತ್ರಾಂಶಗಳು ಸಾಕು. ಪ್ರೀಮಿಯರ್‌ಗಾದರೆ ಚಂದಾ ಕಟ್ಟುತ್ತಲೇ ಇರಬೇಕು. ಬಣ್ಣಬಣ್ಣದ ದೀಪಗಳ ಕ್ಯಾಬಿನೆಟ್‌ನಿಂದ ಎಡಿಟಿಂಗ್‌ಗೆ ಯಾವ ಲಾಭವೂ ಇಲ್ಲ. ಅಲ್ಲಿ ಉಳಿಸಿದ್ದನ್ನು ಒಳ್ಳೆಯ ಎಸ್‌.ಎಂ.ಪಿ.ಎಸ್. ಮತ್ತು ಯು.ಪಿ.ಎಸ್.ಗೆ ಹಾಕಿ. ಕರೆಂಟ್ ಕೈಕೊಟ್ಟರೆ ಅರ್ಧ ದಿನದ ಕೆಲಸ ಹೋದೀತು.

ಹಳೆಯ ಉಪಾಯ

ಇಷ್ಟೂ ಸಾಧ್ಯವಿಲ್ಲದ ಮನೆಗಳೂ ಇವೆ. ಅವರಿಗೆ ದಾರಿ ತೋರಿಸುವುದು ಹಳೆಯ ಸಿನಿಮಾ. ರೀಲುಗಳ ಕಾಲದಲ್ಲಿ ಸಂಕಲನಕಾರರು ಮೂಲ ನೆಗೆಟಿವ್‌ಗೆ ಕತ್ತರಿ ಹಾಕುತ್ತಿರಲಿಲ್ಲ. ಅದರಿಂದ ತೆಗೆದ ಒಂದು ಪ್ರತಿಯನ್ನು ಕತ್ತರಿಸಿ, ಅಂಟಿಸಿ, ಚಿತ್ರ ಒಂದು ಹದಕ್ಕೆ ಬಂದ ಮೇಲಷ್ಟೇ ಅದಕ್ಕೆ ಸರಿಯಾಗಿ ನೆಗೆಟಿವ್ ಕತ್ತರಿಸುತ್ತಿದ್ದರು.

ಇಂದಿನ ತಂತ್ರಾಂಶಗಳಲ್ಲಿ ಇದಕ್ಕೆ ‘ಪ್ರಾಕ್ಸಿ’ ಎಂದು ಹೆಸರು. ಭಾರಿ ಗಾತ್ರದ 4ಕೆ ವಿಡಿಯೊದ ಹಗುರವಾದ ನಕಲನ್ನು ಕಂಪ್ಯೂಟರೇ ಮಾಡಿಕೊಳ್ಳುತ್ತದೆ. ರಾತ್ರಿ ಆ ಕೆಲಸಕ್ಕೆ ಹಚ್ಚಿ ಮಲಗಿದರೆ ಬೆಳಿಗ್ಗೆ ನಕಲುಗಳು ಸಿದ್ಧ. ಎಡಿಟಿಂಗ್ ಎಲ್ಲ ಅದರ ಮೇಲೆ. ಕೊನೆಗೆ ಚಿತ್ರ ಹೊರತೆಗೆಯುವಾಗ ಮೂಲ ವಿಡಿಯೊವೇ ಬರುತ್ತದೆ, ಗುಣಮಟ್ಟ ಕೆಡುವುದಿಲ್ಲ. ಪ್ರೀಮಿಯರ್, ರಿಸಾಲ್ವ್, ಕೆಡೆನ್‌ಲೈವ್ ಮೂರರಲ್ಲೂ ಈ ಸೌಲಭ್ಯವಿದೆ. 8 ಜಿ.ಬಿ. ರ‍್ಯಾಮಿನ ಹಳೆಯ ಯಂತ್ರದಲ್ಲೂ ಹೀಗೆ ಕಲಿಯುವುದು ಸಾಧ್ಯ. ನಿಧಾನವಾದೀತು, ಅಷ್ಟೆ. ಮನೆಯಲ್ಲಿ ಈಗಾಗಲೇ ಕಂಪ್ಯೂಟರ್ ಇದ್ದರೆ ಮೂರು ತಿಂಗಳು ಹೀಗೆ ದುಡಿಸಿ ನೋಡಿ. ಆಮೇಲೂ ಮಗನೋ ಮಗಳೋ ಅದರ ಮುಂದೆಯೇ ಕೂತಿದ್ದರೆ ಸಾಲದ ಮಾತು ಎತ್ತಬಹುದು.

ಕಂಪೆನಿಗಳು ಬಳಸಿ ಬಿಟ್ಟ ಡೆಸ್ಕ್‌ಟಾಪ್‌ಗಳೂ ಅಗ್ಗವಾಗಿ ಸಿಗುತ್ತವೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ನಲ್ಲಿ ನಿಂತಿದೆ. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಎಂಟನೆಯ ತಲೆಮಾರಿನ ಅಥವಾ ನಂತರದ ಪ್ರೊಸೆಸರ್ ಇರಬೇಕು. ತೀರಾ ಚಿಕ್ಕ ಕ್ಯಾಬಿನೆಟ್‌ನವುಗಳಲ್ಲಿ ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕಲು ಜಾಗ ಸಿಗುವುದು ಕಷ್ಟ.

ಬಿಡಿಭಾಗಗಳಿಗೆ ಬೆಂಗಳೂರಿನವರು ಹೋಗುವುದು ಎಸ್.ಪಿ. ರಸ್ತೆಗೇ. ಪೀಣ್ಯದವರಿಗೆ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆವರೆಗೆ ನೇರ ಮೆಟ್ರೊ. ವೈಟ್‌ಫೀಲ್ಡಿನವರು ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದ ಮೇಲೆ ಎಲೆಕ್ಟ್ರಾನಿಕ್ ಸಿಟಿಯವರೂ ಆರ್.ವಿ. ರಸ್ತೆಯಲ್ಲಿ ಇಳಿದು ಹಸಿರು ಮಾರ್ಗ ಹಿಡಿಯಬಹುದು. ಮೊಬೈಲ್‌ನಲ್ಲಿ ತೆಗೆದ ವಿಡಿಯೊ ತುಂಬಿದ ಪೆನ್‌ಡ್ರೈವ್ ಒಂದು ಜೇಬಿನಲ್ಲಿರಲಿ. ಸಿದ್ಧ ಯಂತ್ರ ಕೊಳ್ಳುವುದಾದರೆ ಅಂಗಡಿಯಲ್ಲೇ ಓಡಿಸಿ, ಹಿಂದೆ ಮುಂದೆ ಎಳೆದು ನೋಡಿ. ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಹೋಗುವುದಾದರೆ ಭಾನುವಾರ ಬೇಡ, ಬಹಳಷ್ಟು ಅಂಗಡಿಗಳು ಮುಚ್ಚಿರುತ್ತವೆ.