ಕೆಲಗೇರಿಯ ನೀರು ಹಸಿರಾದ ಬಗೆ

ಗೋವಾ ರಸ್ತೆ ಬದಿಯ ಕೆಲಗೇರಿ ಕೆರೆ ಒಂದು ಕಾಲಕ್ಕೆ ಧಾರವಾಡಕ್ಕೆ ಕುಡಿಯುವ ನೀರು ಕೊಟ್ಟದ್ದು. ಅದರ ಮೇಲೆ ಅಂತರಗಂಗೆ ಹಬ್ಬಿದಾಗಲೆಲ್ಲ ನಾವು ಬೈಯುವುದು ಗಿಡವನ್ನು. ಗಿಡವೇನೂ ತಾನಾಗಿ ಈಜಿ ಬಂದದ್ದಲ್ಲ. ಅಮೆಜಾನ್ ಕೊಳ್ಳದ ಈ ಸಸ್ಯ 19ನೇ ಶತಮಾನದ ಕೊನೆಗೆ ನೇರಳೆ ಹೂವಿನ ಅಂದದಿಂದಾಗಿ ಬಂಗಾಳಕ್ಕೆ ಬಂತು. 1936ರಲ್ಲಿ ಅದನ್ನು ಹತ್ತಿಕ್ಕಲು ಅಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಪರದೇಶದ ಗಿಡವೆಂಬುದಷ್ಟೇ ದೋಷವೇ? ಹಾಗೆನ್ನಲಾಗದು. ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಅಮೆರಿಕವೇ, ಅದು ಯಾರ ಕೆರೆಯನ್ನೂ ನುಂಗಿಲ್ಲ. ಅಂತರಗಂಗೆಯ ಜೊತೆ ಅದನ್ನು ತಿನ್ನುವ ತವರಿನ ಕೀಟಗಳು ಬರಲಿಲ್ಲ. ಉಣ್ಣಲು ಮಾತ್ರ ಬಡಾವಣೆಗಳ ಚರಂಡಿ ನೀರಿನ ಸಾರಜನಕ, ರಂಜಕ ಯಥೇಚ್ಛ. ಬಿಸಿಲೂ ಕೂಡಿಬಂದರೆ ಎರಡು ವಾರದ ಆಸುಪಾಸಿನಲ್ಲಿ ಇಮ್ಮಡಿಯಾಗುತ್ತದೆ.

ಒಂದು ಗಿಡ ಎತ್ತಿ ನೋಡಿ: ಉಬ್ಬಿದ ತೊಟ್ಟಿನೊಳಗೆ ಗಾಳಿ ತುಂಬಿದ ಸ್ಪಂಜು, ಕೆಳಗೆ ಗರಿಯಂಥ ಕಪ್ಪು ಬೇರು, ಪಕ್ಕಕ್ಕೆ ಚಾಚಿದ ಕುಡಿಯ ತುದಿಯಲ್ಲಿ ಆಗಲೇ ಮರಿಗಿಡ. ಇಂಥವು ಒತ್ತೊತ್ತಾಗಿ ಕೂತರೆ ಬಿಸಿಲು ಕೆಳಗಿಳಿಯದು. ನೀರೊಳಗೇ ಬದುಕುವ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಮೊದಲು ಹೋಗುತ್ತವೆ. ಮೇಲೇಳುವ ತಾವರೆ, ನೈದಿಲೆಯ ಎಳೆ ಎಲೆಗೆ ಅರಳಲು ಜಾಗವೇ ಇರದು. ಕೆರೆಯನ್ನು ಕೆಡಿಸಿದ್ದು ಕೊಳಚೆ, ಕಳೆ ಬರೀ ಅದರ ಲಕ್ಷಣ ಎಂಬ ವಾದವುಂಟು. ಅದು ಅರ್ಧ ನಿಜ. ಬಾಗಿಲು ತೆರೆದದ್ದು ಕೊಳಚೆಯೇ. ಒಳಹೊಕ್ಕ ಮೇಲೆ ಬಿಸಿಲನ್ನೂ ಆಮ್ಲಜನಕವನ್ನೂ ತಡೆಯುವುದು ಕಳೆ. ಅದರ ಬೀಜ ಹೂಳಿನಲ್ಲಿ ಇಪ್ಪತ್ತು ವರ್ಷದವರೆಗೂ ಜೀವ ಹಿಡಿದಿರಬಲ್ಲದು. ಹಾಗಾಗಿ ಚರಂಡಿ ತಿರುಗಿಸಿದ ಮಾತ್ರಕ್ಕೆ ನೈದಿಲೆ ಮರಳದು.

ಈ ಗಿಡ ನೀರನ್ನು ಶುದ್ಧ ಮಾಡುತ್ತದಲ್ಲ, ಇರಲಿ ಬಿಡಿ ಎನ್ನುವವರಿದ್ದಾರೆ. ಅದು ಪೋಷಕಾಂಶ, ಲೋಹಗಳನ್ನು ಹೀರುವುದು ಹೌದು. ಆದರೆ ಎತ್ತಿ ದೂರ ಸಾಗಿಸದಿದ್ದರೆ ಕೊಳೆತು ಹೀರಿದ್ದನ್ನೆಲ್ಲ ನೀರಿಗೇ ಕಕ್ಕುತ್ತದೆ. ದಡದಲ್ಲಿ ರಾಶಿ ಹಾಕಿದರೂ ಅಷ್ಟೇ, ಮಳೆ ಬಂದರೆ ರಸ ಕೆರೆಗೇ. ಕೀಟ ಬಿಡಬಹುದಲ್ಲ? 1980ರ ದಶಕದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹೊರದೇಶದಿಂದ ತರಿಸಿದ ನಿಯೋಚೆಟಿನಾ ಮೂತಿಹುಳು ಬಿಟ್ಟು ಬೆಂಗಳೂರಿನ ಕೆರೆಯಲ್ಲಿ ಈ ಕಳೆಯನ್ನು ಮಣಿಸಿದ್ದರು. ಆದರೆ ಹುಳು ಹೆಚ್ಚಲು ಕಾಲ ಬೇಕು, ಕೊಳಚೆಯುಂಡ ಗಿಡ ಹುಳು ತಿಂದದ್ದಕ್ಕಿಂತ ಬೇಗ ಚಿಗುರುತ್ತದೆ. ಯಂತ್ರ ಇಳಿಸಿ ಎಲ್ಲವನ್ನೂ ಬಾಚಿದರೆ ಹುಳುವೂ ಕಳೆಯ ಜೊತೆ ಲಾರಿ ಹತ್ತುತ್ತದೆ. ಆದ್ದರಿಂದ ಮೊದಲು ಚರಂಡಿ, ಆಮೇಲೆ ಯಂತ್ರ; ಅದೂ ಹುಳುವಿಗೆ ಒಂದು ಮೂಲೆ ಬಿಟ್ಟು. ಕಳೆ ತೆಗೆಯುವ ಟೆಂಡರಿನಲ್ಲಿ ಬೇಸಿಗೆಗೆ ನೀರಿಳಿದಾಗ ದಡದ ಕೆಸರಲ್ಲಿ ಮೊಳೆಯುವ ಸಸಿಗಳನ್ನು ಕೈಯಿಂದ ಕೀಳುವ ಕೂಲಿಯೂ ಸೇರಬೇಕು, ಒಂದು ವರ್ಷಕ್ಕಲ್ಲ, ಹತ್ತಾರು ವರ್ಷಕ್ಕೆ.