ಕೆರೆಯ ದಡ ಯಾರದು?

ಗರಿಯಾಹಾಟಿನಲ್ಲಿ ಸಂಸಾರ ಹೂಡಿರುವ ನಮಗೆ ಕಡಲತೀರವೆಂದರೆ ರಜೆ ಮಂಜೂರಾದಾಗ ಕಾಣುವ ಪುರಿ ಅಥವಾ ದಿಘಾ. ಉಳಿದ ದಿನಗಳಲ್ಲಿ ರವೀಂದ್ರ ಸರೋವರವೇ ನಮ್ಮ ಕಡಲು. ಕಛೇರಿಯಿಂದ ಬಂದು ಕಾಫಿ ಮುಗಿಸಿ ಹೊರಟರೆ ನಡೆದೇ ಹೋಗಬಹುದು. ಒಳಹೋಗಲು ಟಿಕೀಟು ಬೇಡ.

ಇದು ತಾನಾಗಿ ಹುಟ್ಟಿದ ಕೆರೆಯಲ್ಲ. 1920ರ ದಶಕದಲ್ಲಿ ಕಲ್ಕತ್ತಾ ಇಂಪ್ರೂವ್‌ಮೆಂಟ್ ಟ್ರಸ್ಟಿನವರು ಜೌಗು ನೆಲವನ್ನು ವಶಕ್ಕೆ ಪಡೆದು ತೋಡಿಸಿದ್ದು. ಒಟ್ಟು 192 ಎಕರೆ. ಅದರಲ್ಲಿ ನೀರು 73 ಎಕರೆ. ಢಾಕುರಿಯಾ ಲೇಕ್ ಎಂಬ ಹೆಸರು ಹೋಗಿ ಕವಿಗಳ ಹೆಸರು ಬಂದದ್ದು 1958ರಲ್ಲಿ. ಜನರ ಬಾಯಲ್ಲಿ ಮಾತ್ರ ಇಂದಿಗೂ ಅದು 'ಲೇಕ್'. ನಡುಗಡ್ಡೆಯಲ್ಲಿ ಕೆರೆಗಿಂತಲೂ ಹಳೆಯದಾದ ಮಸೀದಿಯೊಂದಿದೆ. ಅಲ್ಲಿಗೆ ಹೋಗಲು 1926ರ ತೂಗುಸೇತುವೆಯಿದೆ. ಸುತ್ತ ನೀರು ತುಂಬಿಸಿದರೂ ಹಳಬರ ದಾರಿ ತಪ್ಪಿಸಲಿಲ್ಲವೆಂಬುದು ಮೆಚ್ಚತಕ್ಕ ಸಂಗತಿಯಲ್ಲವೆ?

ತೊಡಕು ಬಂದದ್ದು ಛಠ್ ಹಬ್ಬದಿಂದ. ಕಾರ್ತಿಕ ಶುದ್ಧ ಷಷ್ಠಿಯ ಸಂಜೆ ಮತ್ತು ಮರುದಿನದ ಮುಂಜಾನೆ ಬಿಹಾರದ ಕಡೆಯ ಜನರು ನೀರಿನಲ್ಲಿ ನಿಂತು ಸೂರ್ಯನಿಗೆ ಅರ್ಘ್ಯ ಕೊಡುತ್ತಾರೆ. ಅರ್ಘ್ಯದಿಂದ ಕೆರೆ ಕೆಡದು; ಅದರೊಡನೆ ನೀರಿಗೆ ಬೀಳುವ ಎಣ್ಣೆ, ಹೂವು, ಪ್ಲಾಸ್ಟಿಕ್ಕುಗಳಿಂದ ಕೆಡುತ್ತದೆ. ಪಟಾಕಿಯ ಸದ್ದಿಗೆ ಹಕ್ಕಿಗಳು ಬೆದರುವುದು ಬೇರೆ. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಇಲ್ಲಿ ಛಠ್ ಪೂಜೆ ಕೂಡದೆಂದು ಆಜ್ಞೆ ಮಾಡಿತು. 2019ರಲ್ಲಿ ಜನರು ಗೇಟಿನ ಬೀಗ ಮುರಿದು ಒಳನುಗ್ಗಿದರು. 2020ರಲ್ಲಿ, ಕೆರೆಯನ್ನು ಕಾಯಬೇಕಾದ ಕೆ.ಎಂ.ಡಿ.ಎ.ಯೇ ಸಡಿಲಿಕೆ ಬೇಡಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು! (ಫೈಲುಗಳ ನಡುವೆಯೇ ದಿನ ಕಳೆಯುವ ನಮ್ಮಂಥ ಗುಮಾಸ್ತರಿಗೆ ಇದೇನೂ ಅಚ್ಚರಿಯಲ್ಲ.) ಕೋರ್ಟು ಒಪ್ಪಲಿಲ್ಲ. ಆ ಸಲ ಪೊಲೀಸರ ಕಾವಲಿನಲ್ಲಿ ಬೀಗ ಬೀಗವಾಗಿಯೇ ಉಳಿಯಿತು.

ಬೀಗ ಹಾಕಿದ್ದು ಸರಿಯೆಂದೇ ನಮ್ಮ ಅಭಿಪ್ರಾಯ. ನಮ್ಮ ಬೆಂಗಳೂರಿನಲ್ಲಿಯೂ ಗಣಪತಿಯನ್ನು ಬಿಡಲು ಸ್ಯಾಂಕಿ ಕೆರೆಯ ಬದಿಯಲ್ಲಿ ಬೇರೆ ಕಲ್ಯಾಣಿಯನ್ನೇ ಕಟ್ಟಿದ್ದಾರೆ. ಅದಕ್ಕೆ ಜನರು ಒಗ್ಗಿಕೊಂಡಿದ್ದಾರೆ. ಇಲ್ಲಿಯೂ ಬೇರೆಡೆ ಘಾಟುಗಳ ಏರ್ಪಾಟಾಯಿತು. ಆದರೆ ಹಿಂದಿನ ರಾತ್ರಿಯಿಂದ ನೀರು ಕೂಡ ಕುಡಿಯದೆ ವ್ರತ ಹಿಡಿದ ತಾಯಂದಿರಿಗೆ ಆ ಘಾಟು ದೂರವಾದರೆ ಬೀಗದ ಮೇಲೆ ಸಿಟ್ಟು ಬರುವುದು ಸಹಜ. ನಾವೂ ಪರವೂರಿನಿಂದ ಹಬ್ಬಗಳನ್ನು ಕಟ್ಟಿಕೊಂಡು ಬಂದವರೇ ತಾನೆ?

ಇನ್ನೊಂದು ಮಾತು. ಇದೇ ಸರೋವರದ ದಡದಲ್ಲಿ ದೋಣಿ ನಡೆಸುವವರ ಕ್ಲಬ್ಬುಗಳಿವೆ. ಕ್ರೀಡೆ ಬೆಳೆಯಲಿ, ನಮಗೆ ಸಂತೋಷವೇ. ಆದರೆ ಸದಸ್ಯರಲ್ಲದವರಿಗೆ ಆ ಭಾಗದ ದಡ ವರ್ಷವಿಡೀ ಮುಚ್ಚಿದ್ದೇ. ಛಠ್ ವ್ರತದವರನ್ನು ಎರಡು ದಿನ ತಡೆದಾಗ ಎದ್ದ ಚರ್ಚೆಯಲ್ಲಿ ಈ ಬೇಲಿಯ ಪ್ರಸ್ತಾಪವೂ ಬರಬೇಕಿತ್ತು.

ಇತ್ತೀಚಿನ ವರ್ಷಗಳಲ್ಲಿ ಛಠ್ ಹೊತ್ತಿಗೆ ವಾಯುಸೇವನೆಯವರಿಗೂ ಗೇಟು ತೆರೆಯುವುದಿಲ್ಲ. ದೀಪಾವಳಿ ಕಳೆದ ಆ ವಾರದಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಡುವ ನಮ್ಮ ಸದಸ್ಯರು ಮೊದಲೇ ಪಂಚಾಂಗ ನೋಡಿಕೊಳ್ಳುವುದು ಒಳ್ಳೆಯದು.