ಓಟದ ಸ್ಪ್ರಿಂಗು ಮೀನಖಂಡದಲ್ಲಿದೆ

ಖೊಖೊ ಅಂಕಣದಲ್ಲಿ ಸಾಲಾಗಿ ಕುಳಿತ ಎಂಟು ಮಂದಿಯ ಪಾದಗಳನ್ನು ಗಮನಿಸಿ. ಭಾರವೆಲ್ಲ ಮುಂಗಾಲ ಮೇಲೆ. ಬೆನ್ನ ಹಿಂದೆ 'ಖೋ' ಕೇಳಿದ್ದೇ ತಡ, ಛಂಗನೆ ಎದ್ದು ನುಗ್ಗಬೇಕು. ತೊಡೆ, ಸೊಂಟಗಳೂ ದುಡಿಯುತ್ತವೆ ನಿಜ. ಆದರೆ ಕಟ್ಟಕಡೆಗೆ ನೆಲವನ್ನು ಒದೆಯುವ ಕೆಲಸ ಮೀನಖಂಡದ್ದು.

ಈ ಮೀನಖಂಡ ಒಂದೇ ಸ್ನಾಯುವಲ್ಲ. ಮೇಲೆ ಉಬ್ಬಿ ಕಾಣುವ ಗ್ಯಾಸ್ಟ್ರೋಕ್ನೀಮಿಯಸ್ ತೊಡೆಮೂಳೆಯ ತುದಿಯಿಂದ ಹೊರಟು, ಮಂಡಿಯನ್ನು ದಾಟಿ ಇಳಿಯುತ್ತದೆ. ಅದರಡಿ ಅಡಗಿರುವ ಚಪ್ಪಟೆ ಸೋಲಿಯಸ್ ಹೊರಡುವುದು ಮಂಡಿಯ ಕೆಳಗಿನಿಂದ. ಎರಡೂ ಸೇರಿ ಅಕಿಲಿಸ್ ಸ್ನಾಯುರಜ್ಜುವಾಗಿ ಹಿಮ್ಮಡಿ ಮೂಳೆಯನ್ನು ಹಿಡಿದಿವೆ. ದೇಹದಲ್ಲೇ ಅತಿ ದಪ್ಪನೆಯ ರಜ್ಜು ಇದು. ವೇಗವಾಗಿ ಓಡುವಾಗ ಇದರ ಮೇಲೆ ಬೀಳುವ ಸೆಳೆತ ಮೈತೂಕದ ಆರೇಳು ಪಟ್ಟು. ಪಾದ ನೆಲಕ್ಕೆ ತಾಕಿದಾಗ ರಜ್ಜು ಹಿಗ್ಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ಒದೆಯುವಾಗ ಅದರಲ್ಲಿ ಶೇ 90ಕ್ಕೂ ಹೆಚ್ಚನ್ನು ಹಿಂದಿರುಗಿಸುತ್ತದೆ.

ಬೆಳೆಯುವ ವಯಸ್ಸಿನಲ್ಲಿ ಒಂದು ತೊಡಕಿದೆ. ಮೂಳೆ ಸರಸರನೆ ಉದ್ದವಾಗುತ್ತದೆ, ಸ್ನಾಯು ಹಿಂದೆ ಬೀಳುತ್ತದೆ. ಮೀನಖಂಡ ಬಿಗಿಯಾಗಿ, ಹಿಮ್ಮಡಿಯ ಇನ್ನೂ ಗಟ್ಟಿಯಾಗದ ಬೆಳವಣಿಗೆಯ ಪದರವನ್ನು ಜಗ್ಗುತ್ತದೆ. 8ರಿಂದ 14 ವರ್ಷದ ಆಟಗಾರರಿಗೆ ಬರುವ ಹಿಮ್ಮಡಿ ನೋವಿಗೆ ಸಾಮಾನ್ಯ ಕಾರಣ ಇದೇ. ಅಮೆರಿಕದ ವೈದ್ಯ ಜೇಮ್ಸ್ ಸೀವರ್ ಇದನ್ನು 1912ರಲ್ಲಿ ವಿವರಿಸಿದ್ದರಿಂದ ಇದಕ್ಕೆ ಅವರ ಹೆಸರೇ ಉಳಿದಿದೆ.

ಪಾದದ ಕೀಲು ಎಷ್ಟು ಬಾಗುತ್ತದೆಂದು ನೋಡಲು ಗೋಡೆಯೊಂದು ಸಾಕು. ಬರಿಗಾಲಲ್ಲಿ ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಬೇಕು. ಮುಟ್ಟಿದರೆ ಪಾದವನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಸುತ್ತಾ ಹೋಗಬೇಕು. ಹೆಬ್ಬೆರಳಿಗೂ ಗೋಡೆಗೂ 10 ಸೆಂ.ಮೀ. ಆಸುಪಾಸು ಅಂತರ ಸಿಕ್ಕರೆ ಚಿಂತೆಯಿಲ್ಲ. ಎರಡು ಕಾಲುಗಳ ಅಳತೆ ತೀರಾ ಬೇರೆಯಾದರೆ ಕಡಿಮೆ ಬಾಗುವ ಕಾಲಿನತ್ತ ಗಮನ ಕೊಡಬೇಕು. ಸೆಳೆತ ಹಿಂದುಗಡೆ ಅನ್ನಿಸಿದರೆ ಸ್ನಾಯು ಬಿಗಿಯಾಗಿದೆ. ಕೀಲಿನ ಮುಂದುಗಡೆ ಚುಚ್ಚಿದರೆ ತೊಂದರೆ ಕೀಲಿನದ್ದೇ ಇರಬಹುದು. ಆಗ ಮೀನಖಂಡವನ್ನು ಎಷ್ಟು ಎಳೆದರೂ ಪ್ರಯೋಜನವಾಗದು.

ಬಿಗಿ ಸ್ನಾಯುವನ್ನು ಬರೀ ಎಳೆದರೆ ಸಾಲದು, ಪೂರ್ತಿ ಬಾಗಿದ ಸ್ಥಿತಿಯಲ್ಲೂ ಅದು ಭಾರ ಹೊರುವುದನ್ನು ಕಲಿಯಬೇಕು. ಮೆಟ್ಟಿಲಂಚಿಗೆ ಮುಂಗಾಲಿಟ್ಟು, ಗೋಡೆ ಹಿಡಿದು, ಹಿಮ್ಮಡಿಯನ್ನು ಮೂರು ಎಣಿಸುವಷ್ಟು ನಿಧಾನವಾಗಿ ಅಂಚಿನಿಂದ ಕೆಳಗಿಳಿಸಿ ಮತ್ತೆ ಎತ್ತುವ ವ್ಯಾಯಾಮ ಎರಡನ್ನೂ ಒಟ್ಟಿಗೆ ಸಾಧಿಸುತ್ತದೆ. ಮಂಡಿ ನೆಟ್ಟಗಿದ್ದಾಗ ಮೇಲಿನ ಸ್ನಾಯು ಚೆನ್ನಾಗಿ ಹಿಗ್ಗುತ್ತದೆ. ಮಂಡಿ ಬಗ್ಗಿಸಿದಾಗ ಅದು ಸಡಿಲಾಗಿ ಹೊರೆ ಸೋಲಿಯಸ್ ಮೇಲೆ ಬೀಳುತ್ತದೆ. ಆದ್ದರಿಂದ ಎರಡು ರೀತಿಯಲ್ಲೂ ಮಾಡಬೇಕು. ಮೊದಲು ಎರಡೂ ಕಾಲಲ್ಲಿ, ಅದು ಸಲೀಸಾದ ಮೇಲೆ ಒಂಟಿ ಕಾಲಲ್ಲಿ, ದಿನ ಬಿಟ್ಟು ದಿನ.

ಓಟಕ್ಕೆ ಮುಂಚೆ ನಿಮಿಷಗಟ್ಟಲೆ ಎಳೆದು ನಿಂತರೆ ಒದೆತದ ಬಿರುಸು ತುಸು ತಗ್ಗುತ್ತದೆ. ಆಗ ಹಗ್ಗದಾಟ, ಸಣ್ಣ ಜಿಗಿತಗಳೇ ಸರಿ. ನಿಧಾನದ ಎಳೆತ ಆಟ ಮುಗಿದ ಮೇಲಿರಲಿ. ಹಿಮ್ಮಡಿಯನ್ನು ಎರಡು ಬದಿಯಿಂದ ಒತ್ತಿದಾಗ ಮಗು ನೋವೆಂದರೆ ಜಿಗಿತಗಳನ್ನು ಕಡಿಮೆ ಮಾಡಿ, ಮೆಟ್ಟಿಲಿನ ವ್ಯಾಯಾಮ ನಿಲ್ಲಿಸಿ, ವೈದ್ಯರಿಗೆ ತೋರಿಸಿ. 'ಓಡಿದರೆ ತಾನೇ ಸರಿಹೋಗುತ್ತದೆ' ಎಂಬ ತರಬೇತುದಾರರ ಮಾತು ಇಲ್ಲಿ ನಡೆಯದು.